‘ಪ್ಯಾರಿಷ್’ ಎಂಬ ಪದದ ಬೇರು

ನಮ್ಮ ಧರ್ಮಕೇಂದ್ರವನ್ನು ತಮಿಳು ಬಂಧುಗಳು ‘ಪಂಗು’ ಎನ್ನುತ್ತಾರೆ, ಅಂದರೆ ಪಾಲು. ಜ್ಞಾನಸ್ನಾನದ ಪತ್ರ ಬರೆಸಲು ಹೋದರೆ ಇಬ್ಬರ ಕಾಗದದ ಮೇಲೂ ‘ಪ್ಯಾರಿಷ್’ ಎಂಬ ಇಂಗ್ಲಿಷ್ ಪದವೇ ಇರುತ್ತದೆ. ಇದು ಎಲ್ಲಿಂದ ಬಂತೆಂದು ಈ ತಿಂಗಳು ನೋಡೋಣ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಎಷ್ಟೋ ಪದಗಳು ಅಲ್ಲಿನ ಮಾತಿಗೆ ಸೇರಿದವು. ಇದೂ ಹಾಗೆ ಬಂದದ್ದು. ಫ್ರೆಂಚಿಗೆ ಬಂದದ್ದು ಲ್ಯಾಟಿನಿನ ‘ಪರೋಕಿಯ’ದಿಂದ, ಲ್ಯಾಟಿನಿಗೆ ಗ್ರೀಕಿನ ‘ಪರೋಯಿಕಿಯ’ದಿಂದ. ಗ್ರೀಕಿನಲ್ಲಿ ‘ಪರ’ ಎಂದರೆ ಪಕ್ಕ, ‘ಒಯಿಕೊಸ್’ ಎಂದರೆ ಮನೆ. ಪಕ್ಕದಲ್ಲಿ ಮನೆ ಮಾಡಿಕೊಂಡಿರುವವನು ‘ಪರೋಯಿಕೊಸ್’. ಕೇಳಲು ನೆರೆಯವನೆಂಬಂತಿದೆ. ಆದರೆ ಗ್ರೀಕ್ ಪಟ್ಟಣಗಳಲ್ಲಿ ಹೀಗೆ ಕರೆಸಿಕೊಂಡವನಿಗೆ ಊರಿನಲ್ಲಿ ವಾಸವಿತ್ತು, ಪೌರನ ಹಕ್ಕು ಇರಲಿಲ್ಲ.

ಹೀಬ್ರೂ ಬೈಬಲನ್ನು ಗ್ರೀಕಿಗೆ ತಿರುಗಿಸಿದವರು ‘ಗೇರ್’ ಎಂಬ ಪದಕ್ಕೆ ಕೆಲವು ಕಡೆ ಇದನ್ನೇ ಹಾಕಿದರು. ಆದಿಕಾಂಡ 23ನ್ನು ತೆರೆದು ನೋಡಿ. ಸಾರಾ ತೀರಿಕೊಂಡಿದ್ದಾಳೆ, ಹೂಳಲು ಅಬ್ರಹಾಮನಿಗೆ ಸ್ವಂತದ್ದೊಂದು ಗೇಣು ನೆಲವಿಲ್ಲ. ಹಿತ್ತಿಯರ ಮುಂದೆ ನಿಂತು ತಾನು ಅವರ ನಡುವೆ ಪರೋಯಿಕೊಸ್ ಎಂದು ಹೇಳಿಕೊಂಡು, 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಸಮಾಧಿಯ ಜಾಗ ಕೊಳ್ಳುತ್ತಾನೆ. ಸಂತ ಪೇತ್ರರ ಮೊದಲ ಪತ್ರವೂ (2:11) ವಿಶ್ವಾಸಿಗಳನ್ನು ಇದೇ ಪದದಿಂದ ಕರೆಯುತ್ತದೆ. ಮೊದಲ ಶತಮಾನದ ಕೊನೆಯ ಹೊತ್ತಿಗೆ ರೋಮಿನಿಂದ ಕೊರಿಂಥಕ್ಕೆ ಹೋದ, ಸಂತ ಕ್ಲೆಮೆಂಟರ ಹೆಸರಿನ ಪತ್ರ ಶುರುವಾಗುವಾಗಲೇ ಎರಡೂ ಊರಿನ ಧರ್ಮಸಭೆಗಳನ್ನು ಪರವಾಸಿಗಳೆನ್ನುತ್ತದೆ. ರೋಮಿನ ಸಭೆ ರೋಮಿನಲ್ಲೇ ಪರವಾಸಿ!

ಬರಬರುತ್ತಾ ಪದ ನೆಲೆಯೂರಿತು, ಗುರುವೊಬ್ಬರ ಆರೈಕೆಯ ಪ್ರದೇಶಕ್ಕೆ ಹೆಸರಾಯಿತು. ಇದೇ ಬೇರಿನ ‘ಪರೋಕಿಯಲ್’ ಎಂಬುದನ್ನು ಇಂಗ್ಲಿಷಿನವರು ಈಗ ತನ್ನೂರಿನಾಚೆ ನೋಡದವನನ್ನು ಹಳಿಯಲು ಬಳಸುತ್ತಾರೆ. ಪದಗಳ ಪಾಡು ಹೀಗೂ ಆಗುವುದುಂಟು.

ಕನ್ನಡ ಪೂಜೆಯ ವಿಷಯ ಬಂದಾಗಲೆಲ್ಲ ‘ನೀವು ಆ ಕಡೆಯವರಲ್ಲವೇ’ ಎಂಬ ಮಾತನ್ನು ನಾವು ಕೇಳುತ್ತೇವೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಮ್ಮ ಹಿರಿಯರು ಗಂಟುಮೂಟೆ ಕಟ್ಟಿಕೊಂಡು ಬಂದವರಲ್ಲ. ಇದ್ದಲ್ಲೇ ಇದ್ದು ಗೆರೆಯ ಈಚೆಗೆ ಉಳಿದವರು. ಅದನ್ನು ಹೇಳಲು ಸಂಕೋಚ ಬೇಡ. ಆದರೆ ‘ಪ್ಯಾರಿಷ್’ ಎಂಬ ಪದದ ಲೆಕ್ಕ ಬೇರೆ. ಅದರ ಪ್ರಕಾರ ತಮಿಳು ಪೂಜೆಗೆ ಬರುವವರೂ ನಮ್ಮಷ್ಟೇ ಪರವಾಸಿಗಳು.

ಇನ್ನೊಂದು ಕಡೆಯೂ ಈ ಪದ ಸಿಗುತ್ತದೆ, ಲೂಕ 24:18ರಲ್ಲಿ. ಎಮ್ಮಾವುಸಿನ ದಾರಿಯಲ್ಲಿ ಕ್ಲೆಯೋಫನು ಜೊತೆಗೆ ನಡೆಯುತ್ತಿದ್ದವರನ್ನು, ಜೆರುಸಲೇಮಿನಲ್ಲಿ ನಡೆದದ್ದು ಗೊತ್ತಿಲ್ಲದ ಪರವೂರಿನವ ನೀನೊಬ್ಬನೇ ಇರಬೇಕು ಎನ್ನುವಂತೆ ಕೇಳುತ್ತಾನೆ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಇದೇ ಬೇರಿನ ಕ್ರಿಯಾಪದ. ಹಾಗೆ ಕೇಳಿಸಿಕೊಂಡವರು ಪುನರುತ್ಥಾನರಾದ ಯೇಸುಸ್ವಾಮಿ.