ನೆಲದಡಿಯ ಕೊಳವೆಯೂ ಕಡಲಂಚಿನ ವನವೂ

ಮಕ್ಕಳೇ, ನಾವು ನಲ್ಲಿ ತಿರುಗಿಸಿದೊಡನೆ ಬರುವ ನೀರು ಬಹುದೂರದ್ದು. ಮುಂಬಯಿಗೆ 1860ರಲ್ಲಿ ವಿಹಾರ ಕೆರೆಯಿಂದಲೂ 1892ರಲ್ಲಿ ತಾನಸಾದಿಂದಲೂ ಕೊಳವೆಯ ನೀರು ಬಂದಿತು. ನೆಲದಡಿಯ ಕೊಳವೆ ಒಡೆದರೆ ಮೊದಲು ವಾಲ್ವನ್ನು ಮುಚ್ಚಿ ನೀರನ್ನು ತಡೆಯಬೇಕು. ಅನಂತರ ಅಗೆದು ಬೆಸೆಯಬೇಕು.

ಆದರೆ ಅಗೆಯುವಲ್ಲಿ ಕಾಂಡ್ಲಾವನವಿದ್ದರೆ? ಅದರ ಬೇರುಗಳು ದಡದ ಮಣ್ಣನ್ನು ಹಿಡಿದು ಅಲೆಗಳ ಹೊಡೆತವನ್ನು ತಗ್ಗಿಸುತ್ತವೆ, ಮೀನುಮರಿಗಳಿಗೆ ಆಶ್ರಯವೀಯುತ್ತವೆ. ಆದುದರಿಂದಲೇ ಸಾರ್ವಜನಿಕ ಹಿತದ ಕೆಲಸಕ್ಕಾದರೂ ಕಾಂಡ್ಲಾ ಕಡಿಯಲು ತನ್ನ ಅಪ್ಪಣೆ ಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2018ರಲ್ಲಿ ವಿಧಿಸಿತು.

ಬಾಯಾರಿದವರಿಗೆ ವಿಳಂಬವು ಕಷ್ಟವೇ ಸರಿ. ಆದರೆ ಒಡೆದ ಕೊಳವೆಯನ್ನು ಬೇಗನೆ ಬೆಸೆಯಬಹುದು; ಕಡಿದ ವನ ಮರಳಿ ಬೆಳೆಯಲು ವರ್ಷಗಳೇ ಬೇಕು. ಹಳೆಯ ಕೊಳವೆಗಳನ್ನು ಒಡೆಯುವ ಮುನ್ನವೇ ಪರೀಕ್ಷಿಸಿ, ಅಪ್ಪಣೆ ಪಡೆದು ದುರಸ್ತಿಮಾಡುವುದೇ ಜಾಣತನ. ಸೋರಿಕೆ ಕಂಡೊಡನೆ ಪಾಲಿಕೆಗೆ ತಿಳಿಸುವುದು ನಮ್ಮ ಕರ್ತವ್ಯ.