ಬಾಯಿಪಾಠ ಬರುತ್ತೆ, ಮಾತು ಬರಲ್ಲ

ಪ್ರಶ್ನೆ: ಮೊಳಕಾಲ್ಮುರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. ಪದಗಳ ಧಾತು ಹೇಳಿಕೊಟ್ಟೆ. ಮಕ್ಕಳು ಪಟ್ಟಿ ಉರು ಹೊಡೆದು ವಾರದಲ್ಲಿ ಮರೆತರು. ಕಾರಣ ಕೊಟ್ಟು ವಾದ ಬರೆಯಿರಿ ಎಂದರೆ ಗೈಡಿನ ಪ್ರಬಂಧವನ್ನೇ ಇಳಿಸುತ್ತಾರೆ. ಪೋಷಕರಂತೂ 'ಸುಮ್ನೆ ಪ್ರಶ್ನೋತ್ತರ ಬರೆಸಿ ಸಾರ್' ಎನ್ನುತ್ತಾರೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮೇಷ್ಟ್ರೇ. ಪಟ್ಟಿಯನ್ನು ಮಾತ್ರ ಬಿಡಿ.

ಧಾತು ನಿಮ್ಮ ಮಕ್ಕಳಿಗೆ ಹೊಸದಲ್ಲ. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲಿನ ಹೆಸರು ಅವರಿಗೆ ಗೊತ್ತು. 'ಕಾಯು'ವಿನಿಂದ ಕಾವಲು, ಕಾವಲುಗಾರ ಎಂದು ಬೋರ್ಡಿನಲ್ಲಿ ಬರೆದು, ಪಕ್ಕದಲ್ಲೇ ಲ್ಯಾಟಿನ್ನಿನ 'ಪೋರ್ಟ್' ಬರೆಯಿರಿ, ಅರ್ಥ 'ಹೊರು'. ಶೇಂಗಾ ತುಂಬಿದ ಲಾರಿಯ ಮೇಲಿನ ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್, ರಿಪೋರ್ಟ್: ಯಾರು ಏನನ್ನು ಎಲ್ಲಿಗೆ ಹೊರುತ್ತಾರೆ ಎಂದು ಅವರೇ ಹೇಳಲಿ. ಯಾರಾದರೂ 'ಪೋರ್ಟ್ರೇಟ್' ಎಂದರೆ ಖುಷಿಪಡಿ. ಅದು 'ಎಳೆ' ಎಂಬ ಅರ್ಥದ ಬೇರೆ ಧಾತುವಿನದು. ನಿಘಂಟು ತೆರೆಸಲು ಒಳ್ಳೆಯ ನೆಪ. ವಾರಕ್ಕೆ ಎರಡು ಧಾತು ಸಾಕು.

ವಾದಕ್ಕೆ ಗೈಡ್ ಯಾಕೆ, ನಿಮ್ಮ ತಾಲ್ಲೂಕಿನಲ್ಲೇ ಬಂಡೆ ಇದೆಯಲ್ಲ! ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕನ ಶಾಸನದ ಹತ್ತಿರ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅರ್ಥವನ್ನು ಕನ್ನಡದಲ್ಲಿ ನೀವು ಹೇಳಿ. ಚಕ್ರವರ್ತಿಯಾದರೂ ಅವನು ಬಾಯಿ ತೆರೆದ ಕೂಡಲೇ ಹೀಗೆ ನಡೆಯಿರಿ ಎನ್ನುವುದಿಲ್ಲ. ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ನಾನೇ ಸರಿಯಾಗಿ ಶ್ರಮಪಡಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಶ್ರಮದ ಫಲ ಹೇಳುತ್ತಾನೆ. 'ಇದೆಲ್ಲ ದೊಡ್ಡವರಿಗೆ' ಎಂದು ಕೇಳುವವನು ಗೊಣಗುವ ಮೊದಲೇ, ಸಣ್ಣವರಿಗೂ ಸಾಧ್ಯ ಎಂದುಬಿಡುತ್ತಾನೆ. ತಂದೆತಾಯಿಯ ಮಾತು ಕೇಳಬೇಕೆಂಬ ಬುದ್ಧಿಮಾತು ಬರುವುದು ಇದೆಲ್ಲ ಆದ ಮೇಲೆ. ಎದುರಿನವನ ಆಕ್ಷೇಪಕ್ಕೆ ಮುಂಚೆಯೇ ಉತ್ತರ ಕೊಡುವ ಈ ಒಂದು ಪಟ್ಟು ಬಂದರೂ ವರ್ಷದ ಪಾಠ ಸಾರ್ಥಕ.

ಇನ್ನು ವಿಷಯ. ಮಗ್ಗದ ಮನೆಯ ಹುಡುಗಿಗೆ 'ಪರಿಸರ ಮಾಲಿನ್ಯ' ಕೊಡಬೇಡಿ. ಕೈಮಗ್ಗದ ರೇಷ್ಮೆ ಸೀರೆಗೆ ಪವರ್‌ಲೂಮ್ ಸೀರೆಗಿಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕಮ್ಮ ಎಂದು ನೀವೇ ಚೌಕಾಸಿಯ ಗಿರಾಕಿಯಾಗಿ ನಿಲ್ಲಿ. ಮೊದಲು ಕನ್ನಡದಲ್ಲಿ ವಾದಿಸಲಿ. ನಡುವೆ ತೆಲುಗು ಬಂದರೂ ಬರಲಿ. ಆ ಮಾತುಗಳಲ್ಲೇ ಆರು ವಾಕ್ಯ ಇಂಗ್ಲಿಷಿನಲ್ಲಿ ಬರೆಸಿ. ವ್ಯಾಕರಣ ಆಮೇಲೆ ತಿದ್ದಿದರಾಯಿತು.

ಪರೀಕ್ಷೆಯಲ್ಲೂ ಪತ್ರ, ಪ್ರಬಂಧ ಇವೆ ಎಂದು ಪೋಷಕರಿಗೆ ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಆ ಹುಡುಗಿಯಿಂದಲೇ ಸೀರೆಯ ವಾದ ಓದಿಸಿ. ಅವರಪ್ಪನನ್ನು ಮಾತ್ರ ತಪ್ಪದೆ ಕರೆಸಿ.