ಹಂಗಾಮು ಮುಗಿದ ಮೇಲಿನ ಟೈರು

ಮುಧೋಳ ಕಡೆಯ ಕಬ್ಬಿನ ಸೀಮೆಯಲ್ಲಿ ಟ್ರೇಲರ್ ಇಟ್ಟುಕೊಂಡವರಿಗೆ ಟೈರಿನ ನೆನಪಾಗುವುದು ಅಕ್ಟೋಬರಿನಲ್ಲಿ, ಕಾರ್ಖಾನೆಗಳು ಕಬ್ಬು ನುರಿಸಲು ಅಣಿಯಾಗುವಾಗ. ಆಗ ನೋಡಿದರೆ ಬಿರುಕು ಕಾಣಿಸುತ್ತದೆ, ಅಷ್ಟೇ. ನಮ್ಮ ಟ್ರೇಲರಿನ ಗಾಲಿಗಳನ್ನು ಇಷ್ಟು ವರ್ಷ ನೋಡಿಕೊಂಡು ಬಂದ ಮೇಲೆ ನನಗೆ ಖಾತ್ರಿಯಾದ ಮಾತು ಇದು: ಕೊನೆಯ ಲೋಡು ಇಳಿಸಿ ಬಂದ ದಿನ ಟ್ರೇಲರನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೇವೆ ಎಂಬುದರ ಮೇಲೆ ಟೈರಿನ ಆಯುಷ್ಯ ನಿಂತಿದೆ.

ಟ್ರ್ಯಾಕ್ಟರಿಗೆ ಬೇಸಿಗೆಯಲ್ಲೂ ಉಳುಮೆ ಇದೆ. ಕಬ್ಬಿನ ಟ್ರೇಲರು ಮಾತ್ರ ತಿಂಗಳುಗಟ್ಟಲೆ ನಿಂತೇ ಇರುತ್ತದೆ, ಅದೂ ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನಲ್ಲಿ. ಬಿಸಿಲು, ಗಾಳಿಯಲ್ಲಿರುವ ಓಝೋನ್ ಎರಡೂ ರಬ್ಬರನ್ನು ತಿನ್ನುತ್ತವೆ. ಅದಕ್ಕೆಂದೇ ಕಂಪನಿಯವರು ರಬ್ಬರಿನಲ್ಲಿ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಗಾಲಿ ಉರುಳಿ ಟೈರು ಬಳುಕಿದಾಗ ಅವು ಮೇಲಕ್ಕೆ ಬಂದು ಪದರ ಕಟ್ಟುತ್ತವೆ. ನಿಂತ ಟೈರಿನಲ್ಲಿ ಈ ಪದರ ಸರಿಯಾಗಿ ಹೊಸದಾಗುವುದಿಲ್ಲ. ಹೀಗಾಗಿ ಗ್ರಿಪ್ಪು ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗಲೇ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ನಮ್ಮೂರ ಪಂಕ್ಚರ್ ಅಂಗಡಿಯವರು ಇಂಥ ಟೈರು ಕಂಡರೆ, "ಇದು ಓಡಿ ಹೋಗಿದ್ದಲ್ರೀ, ನಿಂತು ಹೋಗಿದ್ದು" ಎನ್ನುತ್ತಾರೆ.

ಇನ್ನೊಂದು ಪೆಟ್ಟು ಭಾರದ್ದು. ಟ್ಯೂಬಿನ ಹವಾ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇಳಿದಂತೆ ಟೈರು ನೆಲಕ್ಕೆ ಚಪ್ಪಟೆಯಾಗಿ, ಪಕ್ಕದ ಗೋಡೆ ಒಂದೇ ಕಡೆ ಮಡಚಿಕೊಂಡು ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಮುಂದೆ ಲೋಡು ಬಿದ್ದಾಗ ಒಡೆಯುವುದು ಹೆಚ್ಚಾಗಿ ಅದೇ ಜಾಗದಲ್ಲಿ.

ಆದ್ದರಿಂದ ಹಂಗಾಮು ಮುಗಿದ ಕೂಡಲೇ ನಾವು ಟ್ರೇಲರನ್ನು ಪೂರ್ತಿ ಖಾಲಿ ಮಾಡುತ್ತೇವೆ. ಮಣ್ಣು, ಕಬ್ಬಿನ ಹಾಲು, ಗ್ರೀಸು ಹೋಗುವಂತೆ ಗಾಲಿಗಳನ್ನು ಸೋಪಿನ ನೀರಿನಿಂದ ತೊಳೆಯುತ್ತೇವೆ. ಟೈರು ಕಪ್ಪಗೆ ಮಿಂಚಲೆಂದು ಡೀಸೆಲ್ ಒರೆಸುವ ಚಾಳಿ ಹಲವರಿಗಿದೆ. ದಯವಿಟ್ಟು ಅದನ್ನು ಬಿಡಿ, ಡೀಸೆಲ್ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ಗಟ್ಟಿ ನೆಲದಲ್ಲಿ ಜ್ಯಾಕ್ ಹಚ್ಚಿ, ಆ್ಯಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು, ಗಾಲಿಗಳು ನೆಲ ಬಿಡುವಷ್ಟು ಎತ್ತಿ ನಿಲ್ಲಿಸುತ್ತೇವೆ. ಮಕ್ಕಳು ಟ್ರೇಲರ್ ಕೆಳಗೆ ನುಸುಳಿ ಆಡುತ್ತವೆ. ಜ್ಯಾಕ್ ಒಂದನ್ನೇ ನಂಬಿ ಎಂದೂ ಬಿಡಬಾರದು, ದಿಮ್ಮಿ ಅಲುಗದಂತೆ ಕೂತಿರಲೇಬೇಕು. ಎತ್ತುವ ಅನುಕೂಲವಿಲ್ಲದವರು ಹವಾ ಪೂರ್ತಿ ಹೊಡೆಸಿ, ತಿಂಗಳಿಗೊಮ್ಮೆ ಟ್ರೇಲರನ್ನು ಅರ್ಧ ಗಾಲಿ ಸುತ್ತುವಷ್ಟು ಮುಂದಕ್ಕೆ ಎಳೆದರೂ ಸಾಕು.

ನೆರಳು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಗೋಣಿಚೀಲಗಳನ್ನು ಹೊಲಿದು ಗಾಲಿಗಳ ಮೇಲೆ ಇಳಿಬಿಟ್ಟರೆ ಬಿಸಿಲು ತಡೆಯುತ್ತದೆ, ಖರ್ಚೂ ಇಲ್ಲ. ಹೊಲದಲ್ಲೇ ನಿಲ್ಲಿಸುವವರು ರವದಿ ಸುಡುವ ದಿನಗಳನ್ನು ನೆನಪಿಡಬೇಕು, ದೂರದ ಬೆಂಕಿಯ ಝಳವೂ ರಬ್ಬರಿಗೆ ಕೆಟ್ಟದ್ದು. ಬಿಡಿ ಟೈರುಗಳನ್ನು ವೆಲ್ಡಿಂಗ್ ನಡೆಯುವ ಶೆಡ್ಡಿನಲ್ಲಿ ಇಡುವುದೂ ಬೇಡ. ಆ ಕಿಡಿಯಿಂದ ಓಝೋನ್ ಹುಟ್ಟುತ್ತದೆ.

ಹಂಗಾಮಿನಲ್ಲಿ ಹವಾ ನೋಡುವುದು ಮುಂಜಾನೆ, ಗಾಲಿ ತಣ್ಣಗಿರುವಾಗ. ಎಷ್ಟು ಹವಾ, ಎಷ್ಟು ಭಾರ ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಇಳಿಸಬಾರದು. ಹವಾ ಕಡಿಮೆಯಿದ್ದು ಲೋಡು ಹೆಚ್ಚಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಕಾಯುತ್ತದೆ, ಒಳಗಿನ ದಾರದ ಪದರಗಳು ಬಿಡುತ್ತವೆ. ಒಂದೇ ಅಂಚು ಸವೆಯುತ್ತಿದ್ದರೆ ಟೈರನ್ನು ಬೈಯುವ ಮೊದಲು ಆ್ಯಕ್ಸಲ್ ಬಾಗಿದೆಯೇ, ಪಾಟಾ ಸರಿದಿದೆಯೇ ನೋಡಬೇಕು. ಕೂಳೆಯ ಮೇಲೆ ಓಡಾಡಿದ ಗಾಲಿಯಲ್ಲಿ ಚೂರು ಸಿಕ್ಕಿಕೊಂಡಿದ್ದರೆ ಅಂದೇ ತೆಗೆಯಬೇಕು.

ಹೊಸ ಟೈರು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ. 3223 ಎಂದಿದ್ದರೆ 2023ರ 32ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಕೂತಷ್ಟು ದಿನವೂ ಅದರ ವಯಸ್ಸೇ. ಬಿರುಕಿನೊಳಗೆ ದಾರ ಕಂಡ ಟೈರನ್ನು ಮಾತ್ರ, ಗ್ರಿಪ್ಪು ಎಷ್ಟೇ ಇರಲಿ, ಲೋಡಿಗೆ ಹಾಕಬೇಡಿ. ಕಬ್ಬಿನ ಟ್ರೇಲರಿನ ಪಕ್ಕದಲ್ಲೇ ಬೈಕಿನವರೂ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರೆ.